ಇನ್ನೂ ಮೇಲಿನ ಕೊಂಬೆ

ಭಾಗುಲಿ ಹಿಮಾಲಯದ ಕುಮಾವೂ ಬೆಟ್ಟದ ಊರೊಂದಕ್ಕೆ ಸೊಸೆಯಾಗಿ ಬಂದ ಮೊದಲ ಚಳಿಗಾಲ. ಹುಲ್ಲೆಲ್ಲ ಒಣಗಿದ್ದರಿಂದ ಎಮ್ಮೆಗೆ ಕಾಡಿನ ಓಕ್ ಸೊಪ್ಪೇ ಮೇವು. ಅತ್ತೆಯ ಜೊತೆ ಬಂದವಳು ದೊಡ್ಡದೊಂದು ಓಕ್ ಮರ ಹತ್ತಿ, ಎರಡು ಹೊರೆಯಾಗುವಷ್ಟು ಸೊಪ್ಪು ಕಡಿದು ಕೆಡವಿದ್ದಳು.

"ಸಾಕಲ್ವಾ ಅತ್ತೆ? ಇಳೀತೀನಿ."

"ಬೇಡ. ಇನ್ನೂ ಮೇಲಿನ ಕೊಂಬೆಗೆ ಹತ್ತು." ದಟ್ಟ ಎಲೆಗಳ ಕೆಳಗಿನಿಂದ ಅತ್ತೆಯ ದನಿಯಷ್ಟೇ ಬಂತು.

ಬೆಳಿಗ್ಗೆ ರೊಟ್ಟಿ ಸೀದುಹೋಗಿತ್ತು. ಆಗಿನಿಂದ ಅತ್ತೆ ಹಂಗಿಸುತ್ತಲೇ ಇದ್ದರು. ಇದೂ ಅದಕ್ಕೇ ಶಿಕ್ಷೆಯೆಂದುಕೊಂಡು ಭಾಗುಲಿ ತುಟಿ ಕಚ್ಚಿ ಹತ್ತಿದಳು.

"ಕೈ ಮರಗಟ್ಟಿದೆ ಅತ್ತೆ. ಇಳಿದುಬಿಡ್ತೀನಿ."

"ಇಳಿದ್ರೆ ಕಾಲು ಮುರೀತೀನಿ! ಹತ್ತು ಅಂದ್ರೆ ಹತ್ತು. ಕಡಿ, ಜೋರಾಗಿ ಸದ್ದಾಗೋ ಹಾಗೆ ಕಡಿ!"

ಭಾಗುಲಿಗೆ ಅಳು ಒತ್ತರಿಸಿ ಬಂತು. ಕಾಲಡಿಯ ಕೊಂಬೆ ತೂಗುತ್ತಿತ್ತು. ತಾನು ಬಿದ್ದು ಸತ್ತರೂ ಈಕೆಗೆ ಸೊಪ್ಪಿನದೇ ಚಿಂತೆ! ಸಿಟ್ಟನ್ನೆಲ್ಲ ಕೊಂಬೆಯ ಮೇಲೆ ತೀರಿಸಿಕೊಂಡಳು. ಕಾಡೆಲ್ಲ ಮಾರ್ದನಿಸಿತು.

"ನನ್ನನ್ನ ಸಾಯಿಸಬೇಕು ಅಂತಾನೇ ಕರ್ಕೊಂಡು ಬಂದ್ರಾ?" ಎಂದು ಕಿರುಚಿದಳು.

ಮತ್ತೆ ಕಡಿಯತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ, "ಈಗ ಇಳಿಯಮ್ಮ, ನಿಧಾನ," ಎಂದರು.

ಒಂದೆರಡು ಕೊಂಬೆ ಇಳಿದ ಮೇಲೆ ಎಲೆಗಳ ಸಂದಿಯಲ್ಲಿ ನೆಲ ಕಂಡಿತು. ಅತ್ತೆ ಮರದ ಬುಡಕ್ಕೆ ಬೆನ್ನು ಕೊಟ್ಟು, ಕುಡುಗೋಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದರು. ಎದುರಿನ ಪೊದೆಯೊಳಗೆ ಹುಲಿಯ ಬಾಲ ಮೆಲ್ಲಗೆ ಸರಿದು ಮರೆಯಾಗುತ್ತಿತ್ತು.