ಡೀನ್ ಕೇಳಿದ ಪ್ರಶ್ನೆ

"ಓದ್ತಿರೋದು ಬಯಾಲಜಿ. ಜೊತೆಗೆ ಈ ಗ್ರೀಕು, ಲ್ಯಾಟಿನ್ನು ಯಾಕಪ್ಪಾ ನಿನಗೆ?" ಡೀನ್ ಕೇಳಿದಾಗ ಕೋಲ್ಬಿ ಎದ್ದು ನಿಂತ. ಅಮೆರಿಕದ ಮಿನೆಸೋಟದ ಆ ಕಾಲೇಜಿನಲ್ಲಿ ಗ್ರೀಕ್-ಲ್ಯಾಟಿನ್ ವಿಭಾಗವನ್ನು ಮುಚ್ಚಬೇಕೇ ಎಂದು ತೀರ್ಮಾನಿಸುವ ಸಭೆ ಅದು. ವಿಭಾಗದ ಪರವಾಗಿ ಮಾತಾಡಲೆಂದು ಅಲ್ಲಿ ಲ್ಯಾಟಿನ್ ಕಲಿಸುವ ಪ್ರೊಫೆಸರ್ ಹಾಲ್ವರ್ಸನ್ ಮೇಡಂ ಅವನೊಬ್ಬನನ್ನೇ ಕರೆತಂದಿದ್ದರು.

ಲ್ಯಾಟಿನ್ನಿನ ಒಂದು ಸಾಲು ಮೊದಲ ಸಲ ತಾನಾಗಿ ಅರ್ಥವಾದಾಗ ಅವನು ಲೈಬ್ರರಿಯಲ್ಲೇ ಖುಷಿಯಿಂದ ಕೂಗಿಬಿಟ್ಟಿದ್ದ. ಅದನ್ನೇ ಹೇಳಬೇಕೆಂದಿದ್ದ. ಆದರೆ ಎದುರಿಗೆ ಕೂತವರ ತುಟಿಯಂಚಿನ ನಗು ಕಂಡು ಅಳುಕಿದ. "ಸುಲಭವಾಗಿ ಮಾರ್ಕ್ಸ್ ಬರುತ್ತೆ ಸರ್. ಮೆಡಿಕಲ್ಲಿಗೆ ಅರ್ಜಿ ಹಾಕುವಾಗ ಚೆನ್ನಾಗಿ ಕಾಣುತ್ತೆ, ಅಷ್ಟೇ." ಎಲ್ಲರೂ ಗೊಳ್ಳೆಂದು ನಕ್ಕರು. ಪ್ರೊಫೆಸರ್ ಕೂಡ ನಗಲು ನೋಡಿದರು, ಆಗಲಿಲ್ಲ.

ಹೊರಗೆ ಬಂದಮೇಲೆ ಆಕೆ ಮೆಲ್ಲಗೆ ಹೇಳಿದರು: "ನಾಳೆ ಕ್ಲಾಸಿಗೆ ಬೇಗ ಬಾ ಮಗು. ವಿಭಾಗ ಇರೋಷ್ಟು ದಿನ ಓದೋಣ." ಕೋಟಿನ ತೋಳು ಸಿಗದೆ ತಡಕಾಡುತ್ತಿದ್ದ ಆಕೆಗೆ ಕೋಲ್ಬಿ ಹಿಂದಿನಿಂದ ಕೋಟು ಹಿಡಿದುಕೊಟ್ಟ. ಮುಂದೆ ಬಂದು ಮುಖ ನೋಡಲು ಅವನಿಂದಾಗಲಿಲ್ಲ.