ತಪ್ಪೇ ಇಲ್ಲದ ಪಾಠ

ಇಂಗ್ಲಿಷ್ ಟೀಚರ್ ಕೆಲಸಕ್ಕೆ ಅರ್ಜಿ ಹಾಕಿ ಅಕ್ಕ ಕಳಿಸಿದ್ದ ಪಾಠದ ವಿಡಿಯೋಗೆ ಹೊರದೇಶದ ಶಾಲೆಯಿಂದ ಉತ್ತರ ಬಂತು. "ನಿಮ್ಮ ಆನ್‌ಲೈನ್ ಸರ್ಟಿಫಿಕೇಟ್ ನೋಡಿದೆವು. ಅರ್ಜಿ ಹಾಕಿದವರೆಲ್ಲರ ಹತ್ತಿರವೂ ಅಂಥದ್ದೊಂದು ಇದೆ. ಆದರೆ ನಿಮ್ಮ ಪಾಠದಲ್ಲಿ ಯಾರೂ ಏನನ್ನೂ ಕಲಿಯುತ್ತಿಲ್ಲ. ಗೊತ್ತಿಲ್ಲದವರಿಗೆ ಕಲಿಸಿ ತೋರಿಸಿ. ನಾಳೆಯೇ ಕಡೆಯ ದಿನ."

"ಕಲೀತಿಲ್ಲ ಅಂದ್ರೆ?" ಅಪ್ಪ ರೇಗಿದ. "ಎಲ್ಲಾನೂ ಟಕಟಕ ಅಂತ ಹೇಳಿದ್ವಲ್ಲ!"

ತೊಂದರೆ ಆಗಿದ್ದೇ ಅಲ್ಲಿ. ಶಾಲೆಗೆ ಇನ್ಸ್‌ಪೆಕ್ಟರ್ ಬರುವ ದಿನ ಮಕ್ಕಳನ್ನು ತಯಾರು ಮಾಡಿ ಕೂರಿಸುವ ಹಾಗೆ, ಅಕ್ಕ ಒಂದು ವಾರ ಅಪ್ಪನಿಗೂ ಸೋದರತ್ತೆಗೂ ಉತ್ತರ ಬಾಯಿಪಾಠ ಮಾಡಿಸಿದ್ದಳು. ವಿಡಿಯೋದಲ್ಲಿ ಅವಳು ಟವೆಲ್ ಎತ್ತುವ ಮೊದಲೇ ಅಪ್ಪ "ದಿಸ್ ಈಸ್ ಎ ಟವೆಲ್, ಟೀಚರ್" ಅಂದಿದ್ದ. ಹೆಸರು ಕೇಳಿದರೆ ತನ್ನದು, ತನ್ನಪ್ಪನದು, ಸಲೂನಿನದು ಮೂರನ್ನೂ ಹೇಳಿ, ವಾರದ ರಜೆ ಯಾವತ್ತು ಅನ್ನುವುದನ್ನೂ ಸೇರಿಸಿದ್ದ.

ಇವತ್ತು ಆ ರಜೆ. ಸಲೂನಿನ ಶಟರ್ ಅರ್ಧ ಎಳೆದಿತ್ತು. ದೊಡ್ಡ ಕನ್ನಡಿಯೇ ಬೋರ್ಡು, ಶೇವಿಂಗ್ ನೊರೆಯೇ ಸೀಮೆಸುಣ್ಣ. ಕನ್ನಡಿಯ ಮೇಲ್ಗಡೆ ಗೋಡೆಗೆ, ದರಪಟ್ಟಿ ಇದ್ದ ಜಾಗದಲ್ಲಿ, ಅಪ್ಪ ಸರ್ಟಿಫಿಕೇಟಿಗೆ ಗಾಜು ಹಾಕಿಸಿ ತೂಗುಹಾಕಿದ್ದ. ತಲೆ ಹಿಂದಕ್ಕೆ ಒರಗಿಸಿದ ಪ್ರತಿ ಗಿರಾಕಿಯೂ ಅದನ್ನು ಓದಲೇಬೇಕು. "ಮಗಳಿಗೆ ಫಾರಿನ್‌ನಲ್ಲಿ ಟೀಚರ್ ಕೆಲಸ ಆಯ್ತು" ಎಂದು ಅಪ್ಪ ಹೇಳುವಾಗ ಕತ್ತಿ ಗಿರಾಕಿಯ ಗಂಟಲ ಮೇಲಿರುತ್ತಿತ್ತು. ಇಲ್ಲ ಅಂದವರು ಯಾರೂ ಇರಲಿಲ್ಲ.

"ಈ ಸಲ ಏನೂ ಗೊತ್ತಿಲ್ಲದವರ ಥರ ಇರಿ," ಅಕ್ಕ ಅಂದಳು. ತಂಗಿ ಫೋನ್ ಹಿಡಿದಳು. ಅಕ್ಕ ಟವೆಲ್ ಎತ್ತಿದಳು.

"ಎಲಿಫೆಂಟ್!" ಅಂದಳು ಅತ್ತೆ.

"ಅತ್ತೇ, ಅಷ್ಟೊಂದು ಗೊತ್ತಿಲ್ಲದೆ ಇರೋದು ಬೇಡ."

"ಮತ್ತೆಷ್ಟು ಗೊತ್ತಿಲ್ಲದೆ ಇರ್ಲಿ? ಅಳತೆ ಹೇಳ್ಬಿಡು ತಾಯಿ."

ಅಪ್ಪ ಹಣೆಗೆ ಬೆರಳಿಟ್ಟು ಯೋಚಿಸುವವನಂತೆ ಕೂತ. ಮುಖ ಕೆಂಪಾಯಿತು. ತಡೆಯಲಾಗಲಿಲ್ಲ. "ಟವೆಲ್! ವೈಟ್ ಟವೆಲ್!"

"ಅಪ್ಪಾ!"

"ಏನ್ಮಾಡ್ಲಿ? ದಿನಾ ಹೆಗಲ ಮೇಲೆ ಹಾಕ್ಕೊಳ್ಳೋ ವಸ್ತು. ಅದನ್ನೂ ಗೊತ್ತಿಲ್ಲ ಅಂದ್ರೆ ನೋಡಿದವರು ಏನಂದ್ಕೊಳ್ತಾರೆ?"

ಅಕ್ಕ ತಿರುಗುವ ಕುರ್ಚಿಯಲ್ಲಿ ಕುಸಿದಳು. ಎಷ್ಟೋ ಕಡೆ ಅರ್ಜಿ ಹಾಕಿದ್ದಳು. ತಿರುಗಿ ಉತ್ತರ ಬರೆದದ್ದು ಈ ಶಾಲೆಯೊಂದೇ. "ಇದೂ ಕೈಬಿಟ್ರೆ ಆಯ್ತು. ಆ ಕಾಗದಕ್ಕೆ ಗಾಜು ಹಾಕಿಸಿದ್ದಷ್ಟೇ ಬಂತು."

ಫೋನಿನ ಹಿಂದಿನಿಂದ ತಂಗಿ ಮೆಲ್ಲಗೆ ಅಂದಳು. "ಅಪ್ಪಂಗೆ ನಿಜವಾಗ್ಲೂ ಬರದೇ ಇರೋದು ಒಂದಿದೆ."

"ಏನೇ ಅದು?"

"'ಗೊತ್ತಿಲ್ಲ' ಅನ್ನೋದು. ಯಾವ ಭಾಷೇಲೂ ಬರಲ್ಲ."

ಅತ್ತೆ ನಕ್ಕ ರಭಸಕ್ಕೆ ಅವಳ ಕುರ್ಚಿ ಅರ್ಧ ಸುತ್ತು ತಿರುಗಿತು. "ಅಯ್ಯೋ, ನಿಜ ಕಣೇ! ಯಾರಾದ್ರೂ ದಾರಿ ಕೇಳಿದ್ರೆ, ಗೊತ್ತಿಲ್ಲ ಅನ್ನಲ್ಲ ಇವನು. ಯಾವ್ದೋ ಒಂದು ಕಡೆ ಕೈ ತೋರಿಸಿ ಕಳಿಸ್ತಾನೆ."

"ಗೊತ್ತಿಲ್ಲ ಅನ್ನೋಕೆ ನಂಗೆ ಬರುತ್ತೆ," ಅಪ್ಪ ಬಿಗಿದುಕೊಂಡ. "ಗೊತ್ತಿಲ್ದೇ ಇರೋ ವಿಷ್ಯ ಎದುರಿಗೆ ಬರ್ಬೇಕಲ್ಲ?"

ಅಕ್ಕ ಎದ್ದು ಕನ್ನಡಿ ಒರೆಸಿದಳು. ಮೂರು ಪದಗಳನ್ನು ನೊರೆಯಲ್ಲಿ ದಪ್ಪಕ್ಕೆ ಬರೆದಳು. ಐ ಡೋಂಟ್ ನೋ. ಎರಡು ಸಲ ಹೇಳಿಕೊಟ್ಟು, ಕೋರ್ಸಿನಲ್ಲಿ ತೋರಿಸಿದ್ದಂತೆ ಕಿವಿಗೆ ಅಂಗೈ ಹಿಡಿದು ಕಾದಳು. ಅಪ್ಪನ ತುಟಿ ಅಲುಗಲಿಲ್ಲ.

ಅವಳು ಇಂಗ್ಲಿಷಿನಲ್ಲಿ ಒಂದೊಂದೇ ಪ್ರಶ್ನೆ ಕೇಳುತ್ತ ಹೋದಳು. ಆಕಾಶದಲ್ಲಿ ನಕ್ಷತ್ರ ಎಷ್ಟಿವೆ?

"ಮೆನಿ."

ನಾಳೆ ಮಳೆ ಬರುತ್ತಾ?

"ಈವ್ನಿಂಗ್."

ಮೀನು ಯಾವಾಗ ನಿದ್ದೆ ಮಾಡುತ್ತೆ?

ಅಪ್ಪ ಒಂದು ಕ್ಷಣ ತಡೆದ. ಮೂವರೂ ಉಸಿರು ಹಿಡಿದರು. "ಸಂಡೇ," ಅಂದ ಅಪ್ಪ.

ಅತ್ತೆ ಸೆರಗು ಬಾಯಿಗೆ ತುರುಕಿಕೊಂಡಳು. ಕನ್ನಡಿಯ ಮೇಲಿನ ನೊರೆ ಕರಗಿ ಅಕ್ಷರಗಳು ಒಂದರೊಳಗೊಂದು ಇಳಿಯತೊಡಗಿದವು. ಅಕ್ಕ ಕಿವಿಯಿಂದ ಕೈ ತೆಗೆದಳು. ಕೋರ್ಸಿನಲ್ಲಿ ಇಲ್ಲದ ಪ್ರಶ್ನೆಯೊಂದನ್ನು, ಅಪ್ಪನಿಗೆ ತಿಳಿಯುವ ಹಾಗೆ ನಿಧಾನವಾಗಿ, ಇಂಗ್ಲಿಷಿನಲ್ಲೇ ಕೇಳಿದಳು.

"ನನಗೆ ಈ ಕೆಲಸ ಸಿಗುತ್ತಾ, ಅಪ್ಪಾ?"

ಅಪ್ಪ ಬಾಯಿ ತೆರೆದ. ದಿನಾ ಹೇಳುವ ಉತ್ತರ ಹಲ್ಲಿನ ತನಕ ಬಂದದ್ದು ತಂಗಿಗೆ ಫೋನಿನ ಪರದೆಯಲ್ಲಿ ಕಂಡಿತು. ಅದು ಅಲ್ಲೇ ನಿಂತಿತು. ಅವನು ಮಗಳ ಮುಖ ನೋಡಿದ. ಕನ್ನಡಿಯ ಕಡೆ ತಿರುಗಿದ. ನೊರೆಯಲ್ಲಿ ಓದಲು ಏನೂ ಉಳಿದಿರಲಿಲ್ಲ.

"ಐ..." ಅಂದ. "ಐ ಡೋಂಟ್ ನೋ."

ಎರಡನೇ ಸಲ ಸ್ಪಷ್ಟವಾಗಿ, ತಡವರಿಸದೆ ಹೇಳಿದ. ಸರಿಯುತ್ತರಕ್ಕೆ ಟೀಚರ್ ಚಪ್ಪಾಳೆ ತಟ್ಟಬೇಕು. ಅಕ್ಕನ ಎರಡೂ ಕೈ ಮೇಲೇನೋ ಎದ್ದವು, ಒಂದಕ್ಕೊಂದು ತಾಗಲಿಲ್ಲ. ಅತ್ತೆ ಕುರ್ಚಿಯನ್ನು ಕಾಲಿನಿಂದ ತಡೆದು ನಿಲ್ಲಿಸಿದಳು. ತಂಗಿಯ ಬೆರಳು ರೆಕಾರ್ಡಿಂಗ್ ನಿಲ್ಲಿಸುವ ಕೆಂಪು ಗುಂಡಿಯ ಮೇಲೇ ಇತ್ತು, ಒತ್ತಲಿಲ್ಲ.

ಅಪ್ಪ ಮೂವರ ಮುಖವನ್ನೂ ಒಂದೊಂದಾಗಿ ನೋಡಿದ.

"ಯಾಕೆ? ಸರಿಯಾಗೇ ಹೇಳಿದ್ನಲ್ಲ?"