ತೂಬಿಗೊಂದು ಬೀಗ

ಬೀಗ ಜಡಿದವರು ಬೀಗದ ಕೈಯನ್ನು ಗಂಗಣ್ಣನಿಗೇ ಕೊಟ್ಟರು. ಕೆರೆಯ ತೂಬಿನ ಬೀಗದ ಕೈ ಗದ್ದೆಗಳಿಗೆ ನೀರು ಹಾಯಿಸುವ ನೀರುಗಂಟಿಯ ವಶದಲ್ಲಿರಬೇಕು ಎಂಬುದು ನಿಯಮ. ಅದನ್ನು ಅವನು ಬಳಸಕೂಡದು ಎಂಬುದು ಅಂದು ಬೆಳಿಗ್ಗೆ ಹೊಸಕೋಟೆಯಿಂದ ಜೀಪಿನಲ್ಲಿ ಬಂದಿಳಿದ ಆದೇಶ.

"ತೂಬು ತೆಗೆದ್ರೆ ನಿನ್ನ ಕೆಲ್ಸ ಹೋಗತ್ತೆ ಗಂಗಣ್ಣ. ನಾನು ಹೇಳ್ತಿರೋದಲ್ಲ, ಆಫೀಸಿನ ಕಂಪ್ಯೂಟರ್ ಹೇಳ್ತಿರೋದು," ಎಂದರು ಜೂನಿಯರ್ ಎಂಜಿನಿಯರ್ ಕಾಂತರಾಜು, ಎರಡೂ ಅಂಚಿಗೆ ತೂತುಗಳಿದ್ದ ಉದ್ದನೆಯ ಕಾಗದವನ್ನು ಮಡಿಕೆ ಮಡಿಕೆಯಾಗಿ ಬಿಚ್ಚುತ್ತ. "ಅಚ್ಚುಕಟ್ಟಿನಲ್ಲಿರೋ ಅರವತ್ತೆರಡು ಗದ್ದೆಗಳಲ್ಲಿ ಅರವತ್ತೆರಡೂ ಒಣಗಿವೆ. ಇನ್ನು ನೀರು ಬಿಟ್ರೂ ವ್ಯರ್ಥ. ಉಳಿದಿದ್ದನ್ನ ದನಕರುಗಳಿಗೆ ಇಟ್ಕೊಳ್ಳಿ ಅಂತಿದೆ."

ಗಂಗಣ್ಣ ಏರಿಯ ಮೇಲಿಂದ ಕೆಳಗೆ ನೋಡಿದ. ಅರವತ್ತೆರಡು ಗದ್ದೆಗಳೂ ಗಿಣಿಯ ರೆಕ್ಕೆಯಂತೆ ಹಸಿರಾಗಿದ್ದವು. ಹೊಡೆ ಒಡೆದು ಕಾಳು ಹಾಲುಗಟ್ಟುವ ಸಮಯ. ಇನ್ನೆರಡು ಸಲ ನೀರು ಹಾಯಿಸಿದರೆ ಭತ್ತ. ವಾರ ತಡೆದರೆ ಬರೀ ಜೊಳ್ಳು. ಸುಗ್ಗಿಯಲ್ಲಿ ರೈತರು ಗದ್ದೆಗೊಂದರಂತೆ ಕೊಡುವ ಭತ್ತದ ಹೊರೆಯಿಂದಲೇ ಮೂವತ್ತು ವರ್ಷ ಅವನ ಮನೆಯ ಒಲೆ ಉರಿದಿತ್ತು. ತೂಬು ತೆಗೆದರೆ ಕೆಲಸವಿಲ್ಲ, ತೆಗೆಯದಿದ್ದರೆ ಕೂಳಿಲ್ಲ.

"ಒಣಗೈತೆ ಅಂತ ಅದಕ್ಕೆ ಯಾರು ಹೇಳಿದ್ರು ಸಾಮಿ?"

"ನೀವೇ! ಹದಿನೈದು ದಿನದ ಹಿಂದೆ ಮನೆಮನೆಗೂ ಫಾರಂ ಹಿಡ್ಕೊಂಡು ಬಂದಿದ್ನಲ್ಲ?"

ಎಡವಟ್ಟು ಎಲ್ಲಾಯಿತೆಂಬುದು ಗಂಗಣ್ಣನಿಗೆ ಥಟ್ಟನೆ ಹೊಳೆಯಿತು. ಪೈರು ಹೇಗಿದೆಯೆಂದು ಹೊರಗಿನವರು ಕೇಳಿದರೆ 'ಚೆನ್ನಾಗಿದೆ' ಎಂದು ಬಾಯಿಬಿಡುವ ಒಕ್ಕಲು ಆ ಹೋಬಳಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಹಾಗೆಂದರೆ ದೃಷ್ಟಿ ತಾಗದೆ ಇದ್ದೀತೆ? ಅರವತ್ತೆರಡು ಮನೆಯವರೂ ಒಬ್ಬರಿಗಿಂತ ಒಬ್ಬರು ಮುಖ ಸಣ್ಣದು ಮಾಡಿಕೊಂಡು 'ಎಲ್ಲಾ ಒಣಗೋಯ್ತು ಸಾಮಿ' ಎಂದಿದ್ದರು. ಕಾಂತರಾಜು ಜಗಲಿಯಿಂದ ಇಳಿಯದೆ ಬರೆದುಕೊಂಡಿದ್ದರು. ಯಂತ್ರ, ಪಾಪ, ನಂಬಿಬಿಟ್ಟಿತ್ತು.

"ಕಣ್ಮುಂದೇನೇ ಹಸ್ರು ಕಾಣ್ತೈತಲ್ಲ ಸಾಮಿ!"

"ನನ್ನ ಕಣ್ಣಿಗೆ ಫಾರಂನಲ್ಲಿ ಕಾಲಂ ಇಲ್ಲ ಕಣಪ್ಪ. ಕಟ್ಟಕಡೇ ಗದ್ದೆಯವರು ಬೆಳೆ ಚೆನ್ನಾಗಿದೆ ಅಂತ ಹೇಳಿ ಹೆಬ್ಬೆಟ್ಟು ಒತ್ತಲಿ. ಕಡೇದು ಚೆನ್ನಾಗಿದ್ರೆ ಮೇಲಿನವೂ ಚೆನ್ನಾಗಿವೆ ಅಂತ ಕಂಪ್ಯೂಟರ್ ತಾನೇ ತಿಳ್ಕೊಳ್ಳತ್ತೆ."

ಕಟ್ಟಕಡೆಯ ಗದ್ದೆ ಮುನಿತಾಯಮ್ಮನದು. ಗಂಗಣ್ಣ ಓಡಿಹೋಗಿ ಕರೆತಂದ. ವಿಷಯ ಕೇಳಿ ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ನನ್ನ ಬಾಯಾಗೇ ಹೇಳುಸ್ತೀಯಾ? ನಮ್ಮ ಪಕ್ಕದ್ಮನೆ ಸಪ್ಪಲಮ್ಮ, ಹಸ ಬೋ ಚೆನ್ನಾಗಿ ಹಾಲು ಕರೀತೈತೆ ಅಂದ್ಳು. ಸಂಜೀಕೇ ಕೆಚ್ಚಲು ಬಾತ್ಕೊಂತು!"

"ಹೇಳ್ದಿದ್ರೆ ಕಣದಾಗೆ ಬರೀ ಜೊಳ್ಳು ತೂರ್ಬೇಕಾಯ್ತದೆ ಅಕ್ಕ."

ಮುನಿತಾಯಮ್ಮ ಗದ್ದೆಗೆ ಬೆನ್ನು ತಿರುಗಿಸಿ, ಬಾಯಿಗೆ ಸೆರಗು ಅಡ್ಡ ಹಿಡಿದು, ಪೈರಿಗೆ ಕೇಳಿಸದಷ್ಟು ಮೆಲ್ಲಗೆ, "ಪರ್ವಾಗಿಲ್ಲ," ಎಂದಳು.

"ಪರವಾಗಿಲ್ಲ ಅನ್ನೋ ಕಾಲಂ ಇಲ್ಲಮ್ಮ. ಒಣಗಿದೆ, ಇಲ್ಲಾಂದ್ರೆ ಚೆನ್ನಾಗಿದೆ. ಎರಡೇ."

"ಚೆನ್ನಾಗೈತೆ ಬರ್ಕಳಪ್ಪ! ಥೂ, ಥೂ, ಥೂ!" ಹೆಬ್ಬೆಟ್ಟು ಒತ್ತಿ, ಏರಿ ಇಳಿದು ಹೋದವಳು ಹಿಂದಿರುಗಿ ನೋಡಲಿಲ್ಲ.

ಮೂರು ದಿನ ಜೀಪು ಬರಲಿಲ್ಲ. ಮೊದಲ ದಿನ ಗದ್ದೆಯ ಕೆಸರು ಗಟ್ಟಿಯಾಯಿತು. ಎರಡನೆಯ ದಿನ ಬಿರುಕು ಬಿಟ್ಟಿತು. ಮೂರನೆಯ ದಿನ ಆ ಬಿರುಕಿನಲ್ಲಿ ಗಂಗಣ್ಣನ ಬೆರಳು ತೂರಿತು. ಪೈರಿನ ತುದಿ ಸುರುಳಿ ಸುತ್ತತೊಡಗಿತ್ತು. ಅವನು ಉಡಿದಾರಕ್ಕೆ ಕಟ್ಟಿದ್ದ ಬೀಗದ ಕೈಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡು ರಸ್ತೆ ಕಾದ.

ನಾಲ್ಕನೆಯ ದಿನ ಮಧ್ಯಾಹ್ನ ಕಾಂತರಾಜು ಹೊಸ ಕಾಗದದೊಡನೆ ಇಳಿದರು. ಮುಖದಲ್ಲಿ ಗೆಲುವಿತ್ತು. "ತಿದ್ದುಪಡಿ ಆಯ್ತು ಗಂಗಣ್ಣ! ಕೇಳು: ಬೆಳೆ ಸಮೃದ್ಧವಾಗಿದೆ. ಆದ್ದರಿಂದ..." ಅವರ ಧ್ವನಿ ಇಳಿಯಿತು. "ಆದ್ದರಿಂದ ನೀರಿನ ಅಗತ್ಯವಿಲ್ಲ. ತೂಬು ಮುಚ್ಚಿಡುವುದು."

ಗಂಗಣ್ಣ ಕಾಗದದತ್ತ ಬೆರಳು ತೋರಿಸಿದ.

"ಒಣಗಿದ್ರೂ ಮುಚ್ಚು, ಚೆನ್ನಾಗಿದ್ರೂ ಮುಚ್ಚು. ತೆಗಿ ಅಂತ ಅದು ಯಾವಾಗ ಹೇಳ್ತದೆ ಸಾಮಿ?"

ಕಾಂತರಾಜು ಕೈಪಿಡಿಯ ಹಾಳೆಗಳನ್ನು ಮಗುಚಿದರು. ಹಿಂದಿನಿಂದ ಮುಂದಕ್ಕೂ ಮಗುಚಿದರು. ಕೊನೆಗೆ, "ಕೆರೆ ಕೋಡಿ ಬಿದ್ದಾಗ," ಎಂದರು.

ಗಂಗಣ್ಣ ತೂಬಿನತ್ತ ನಡೆದ. ಉಡಿದಾರದ ಗಂಟು ಬಿಚ್ಚಿ ಬೀಗದ ಕೈ ತೆಗೆದ.

"ಏಯ್ ಗಂಗಣ್ಣ! ಕೆಲ್ಸ ಹೋಗತ್ತೆ ಕಣಯ್ಯ!"

"ಪೈರು ಹೋದ್ಮೇಲೆ ನೀರುಗಂಟಿಗೆ ಇನ್ಯಾವ ಕೆಲ್ಸ ಸಾಮಿ?"

ಬೀಗ ಕಳಚಿತು. ತೂಬಿನ ತಿರುಪು ನರಳುತ್ತ ಮೇಲೆದ್ದಿತು. ಗಂಗಣ್ಣ ತಿರುಗಿ ನೋಡಿದ: ಕಾಂತರಾಜು ಜೇಬಿನಿಂದ ಪೆನ್ನು ತೆಗೆದರು. ಕಂಪ್ಯೂಟರಿನ ಮಾತು ಕೆರೆಯ ಮೇಲೆ ನಡೆಯಲಿಲ್ಲವೆಂದು ಬರೆದರೆ ಮೊದಲು ಜವಾಬು ಕೊಡಬೇಕಾದವರು ಅವರೇ. ಒಣಗಿದ ಕಾಲುವೆಯ ಅಂಚಿನಲ್ಲಿ ಕುಳಿತು, ಕಾಲು ಇಳಿಬಿಟ್ಟು, ತೊಡೆಯ ಮೇಲೆ ವರದಿ ಪುಸ್ತಕವನ್ನಿಟ್ಟುಕೊಂಡು, ತಮಗೆ ತಾವೇ ಓದಿಕೊಳ್ಳುತ್ತ ಬರೆಯತೊಡಗಿದರು: "ಆದೇಶದಂತೆ ತೂಬು ಮುಚ್ಚಲಾಗಿದೆ. ಹನಿ ನೀರೂ ಹೊರಗೆ..."

ಗುದ್ದಲಿ ಹಿಡಿದು ಓಡಿಬಂದ ಮುನಿತಾಯಮ್ಮ ಅವರೆದುರು ನಿಂತಳು.

"ಸಾಮಿ, ಬೂಟು ನೆನೀತದೆ. ವಸಿ ಕಾಲೆತ್ಕಳಿ."

ಕಾಂತರಾಜು ಬರವಣಿಗೆ ನಿಲ್ಲಿಸದೆ ಎರಡೂ ಕಾಲುಗಳನ್ನು ಎತ್ತಿ ಹಿಡಿದರು.